ರಣಭೂಮಿಯ ಶಸ್ತ್ರವೈದ್ಯನಿಗೆ ದೂರದ ನೆರವು

ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಯುಕ್ತಸೇನೀಯವೆಂಬ ಅಧ್ಯಾಯವೊಂದುಂಟು, ಮೂವತ್ತನಾಲ್ಕನೆಯದು. ದಂಡೆತ್ತಿ ಹೋಗುವ ಅರಸನ ಸಂಗಡ ವೈದ್ಯನು ಹೇಗಿರಬೇಕೆಂಬುದೇ ಅದರ ವಿಷಯ. ಹಗೆಗಳು ದಾರಿಯ ನೀರಿಗೂ ಮೇವಿಗೂ ವಿಷವಿಕ್ಕಿರಬಹುದಾದುದರಿಂದ ಅವನ್ನು ಪರೀಕ್ಷಿಸಿ ಶುದ್ಧಿಮಾಡಬೇಕೆಂದು ಹೇಳಿ, ಆಮೇಲೆ ವೈದ್ಯನ ಬಿಡಾರವು ಅರಸನ ಬಿಡಾರದ ಮಗ್ಗುಲಲ್ಲಿಯೇ ಇರತಕ್ಕದ್ದೆಂದು ಆಚಾರ್ಯನು ವಿಧಿಸುತ್ತಾನೆ. ಅಲ್ಲಿರುವ ವೈದ್ಯನು ಬಾವುಟದ ಹಾಗೆ ಎಲ್ಲರ ಕಣ್ಣಿಗೂ ಬೀಳುತ್ತಿರುವನಂತೆ. ಬಾಣ ನಾಟಿದವರೂ ವಿಷವೇರಿದವರೂ ದಾರಿ ತಪ್ಪದೆ ಅವನ ಬಳಿಗೆ ಬಂದು ಸೇರುವರಂತೆ. ನಮ್ಮ ಶಾಸ್ತ್ರಗಳಲ್ಲಿ ಶಸ್ತ್ರಚಿಕಿತ್ಸೆಗೆ ಶಲ್ಯತಂತ್ರವೆಂದು ಹೆಸರು. ಶಲ್ಯವೆಂದರೆ ಮೈಯೊಳಗೆ ಹೊಕ್ಕು ಬಾಧೆಪಡಿಸುವ ಬಾಣದ ಮೊನೆ ಮುಂತಾದದ್ದು. ಈ ವಿದ್ಯೆಗೆ ಹೆಸರು ಬಂದದ್ದೇ ರಣರಂಗದಿಂದ ಎಂದ ಹಾಗಾಯಿತು.

ವೈದ್ಯನು ಹತ್ತಿರದಲ್ಲಿರಬೇಕು, ಎಲ್ಲರಿಗೂ ಕಾಣುವಂತಿರಬೇಕು ಎಂಬ ಈ ಎರಡು ಮಾತುಗಳನ್ನು ವಾಚಕರು ಜ್ಞಾಪಕದಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ನಾನೀಗ ಹೇಳಹೊರಟಿರುವ ವಿಷಯದಲ್ಲಿ ಮೊದಲನೆಯದು ಅರ್ಧಮಟ್ಟಿಗೆ ಸಡಿಲವಾಗಿದೆ. ಎರಡನೆಯದಾದರೋ ಪ್ರಾಣಕ್ಕೇ ಮುಳುವಾಗಿ ತಿರುಗಿದೆ.

ನಮ್ಮ ಹುಲಿಯೂರುದುರ್ಗವೂ ಒಂದು ಕಾಲದಲ್ಲಿ ರಣಭೂಮಿಯಾಗಿತ್ತೆಂಬುದನ್ನು ಈಗ ಬೆಟ್ಟದ ತಪ್ಪಲಲ್ಲಿ ಆಡು ಮೇಯಿಸುವ ಹುಡುಗರು ಅರಿಯರು. ಟೀಪೂ ಸುಲ್ತಾನನಿಗೂ ಇಂಗ್ಲಿಷರಿಗೂ ನಡೆದ ಮೂರನೆಯ ಮೈಸೂರು ಯುದ್ಧದಲ್ಲಿ, ೧೭೯೧ನೆಯ ಇಸವಿ ಜೂನ್ ತಿಂಗಳಲ್ಲಿ, ಶ್ರೀರಂಗಪಟ್ಟಣದ ಬಳಿಯಿಂದ ಹಿಂದಿರುಗುತ್ತಿದ್ದ ಲಾರ್ಡ್ ಕಾರ್ನ್‌ವಾಲಿಸನ ಸೈನ್ಯವು ಈ ದುರ್ಗವನ್ನು ಹಿಡಿಯಿತು. ಅದೇ ಯುದ್ಧದಲ್ಲಿ ಇಂಗ್ಲಿಷರ ದಂಡಿಗೆ ಎತ್ತುಗಳನ್ನು ಹೊಡೆಯುತ್ತಿದ್ದ ಕಾವಸ್‌ಜಿ ಎಂಬ ಮರಾಠಿಗನು ಟೀಪೂವಿನ ಕಡೆಯವರ ಕೈಗೆ ಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಮುಂದೆ ಪುಣೆಯ ಸಮೀಪದಲ್ಲಿ ಇಟ್ಟಿಗೆ ಮಾಡುವ ಕುಲದ ಒಬ್ಬ ನಾಟಿ ವೈದ್ಯನು, ಮೇಣದಿಂದ ಮೂಗಿನ ಅಚ್ಚು ಮಾಡಿ ಅಳತೆ ತೆಗೆದು, ಅದೇ ಅಳತೆಗೆ ಹಣೆಯ ಚರ್ಮವನ್ನು ಬುಡ ಬಿಡದಂತೆ ಎಬ್ಬಿಸಿ, ಕೆಳಕ್ಕೆ ತಿರುಗಿಸಿ ಕೂರಿಸಿ, ಅವನಿಗೆ ಹೊಸ ಮೂಗನ್ನು ಕೊಟ್ಟನು. ಈ ಸಂಗತಿಯು ೧೭೯೪ನೆಯ ಇಸವಿ ಅಕ್ಟೋಬರಿನಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ ಎಂಬ ಮಾಸಪತ್ರಿಕೆಯಲ್ಲಿ ಪತ್ರರೂಪವಾಗಿ, ಚಿತ್ರಸಮೇತ ಅಚ್ಚಾಯಿತು. ಅದರ ಆಧಾರದಿಂದ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯನು ಶವಗಳ ಮೇಲೆ ಅಭ್ಯಾಸಮಾಡುತ್ತ ಕಾದಿದ್ದು, ೧೮೧೪ರ ಅಕ್ಟೋಬರಿನಲ್ಲಿ ಜೀವಂತ ಮನುಷ್ಯನ ಮೇಲೆ ಅದನ್ನು ಪ್ರಯೋಗಿಸಿ ಗೆದ್ದನು.

ಪುಣೆಯ ಇಟ್ಟಿಗೆಯವನ ಬೆರಳಿನ ವಿದ್ಯೆಯು ಲಂಡನ್ನಿನ ವೈದ್ಯನ ಬೆರಳಿಗೆ ಇಳಿಯುವುದಕ್ಕೆ ಇಪ್ಪತ್ತು ವರುಷ ಹಿಡಿಯಿತು. ದೂರದಲ್ಲಿರುವ ಒಬ್ಬ ಶಸ್ತ್ರವೈದ್ಯನ ತಿಳಿವಳಿಕೆಯನ್ನು ಇನ್ನೊಬ್ಬನಿಗೆ ಬರಹದಿಂದಲೂ ಚಿತ್ರದಿಂದಲೂ ಮುಟ್ಟಿಸುವ ಕೆಲಸ ಹೊಸದಲ್ಲವೆಂದು ತೋರಿಸುವುದಕ್ಕಾಗಿ ಈ ಹಳೆಯ ಕಥೆಯನ್ನು ಹೇಳಿದೆನು. ಹೊಸತಾಗಿರುವುದು ಅದರ ವೇಗ. ಆ ವೇಗ ಎಷ್ಟೆಂಬುದಕ್ಕೆ ಇನ್ನೊಂದು ವೃತ್ತಾಂತವನ್ನು ಕೇಳಬೇಕು.

೨೦೦೮ನೆಯ ಇಸವಿಯ ಕೊನೆಯ ಭಾಗದಲ್ಲಿ, ಆಫ್ರಿಕಾ ಖಂಡದ ಕಾಂಗೋ ದೇಶದ ಪೂರ್ವಭಾಗದಲ್ಲಿ ಅಂತರ್ಯುದ್ಧ ನಡೆಯುತ್ತಿತ್ತು. ಅಲ್ಲಿಯ ರುತ್ಶೂರು ಎಂಬ ಊರಿನ ಆಸ್ಪತ್ರೆಯಲ್ಲಿ, ಗಡಿಯನ್ನೆಣಿಸದೆ ಸೇವೆ ಸಲ್ಲಿಸುವ ವೈದ್ಯರ ಸಂಘದ ಪರವಾಗಿ ಲಂಡನ್ನಿನ ಡೇವಿಡ್ ನಾಟ್ ಎಂಬ ಶಸ್ತ್ರವೈದ್ಯರು ಕೆಲಸಮಾಡುತ್ತಿದ್ದರು. ಅವರ ವಿಶೇಷ ಪಾಂಡಿತ್ಯವಿದ್ದುದು ರಕ್ತನಾಳಗಳ ವಿಷಯದಲ್ಲಿ. ಅವರ ಬಳಿಗೆ ಹದಿನಾರು ವರುಷದ ಹುಡುಗನೊಬ್ಬನನ್ನು ತಂದರು. ಅವನ ಎಡತೋಳನ್ನು ಮೊದಲೇ ಬೇರೆಲ್ಲಿಯೋ ಕತ್ತರಿಸಿದ್ದರು. ಉಳಿದಿದ್ದ ಮೋಟು ಕೊಳೆತು ಕೀವು ತುಂಬಿತ್ತು. ಹಾಗೆಯೇ ಬಿಟ್ಟರೆ ಎರಡು ಮೂರು ದಿನಗಳಿಗಿಂತ ಹೆಚ್ಚು ಬದುಕುವಂತಿರಲಿಲ್ಲ. ಬದುಕಿಸುವುದಕ್ಕೆ ಇದ್ದ ದಾರಿ ಒಂದೇ: ತೋಳಿನ ಮೋಟನ್ನು ಮಾತ್ರವಲ್ಲದೆ, ಅಕ್ಷಕವೆನಿಸುವ ಹೆಗಲಿನ ಮುಂದಣ ಎಲುಬನ್ನೂ ಅಂಸಫಲಕವೆನಿಸುವ ಬೆನ್ನಿನ ಹಲಗೆಯೆಲುಬನ್ನೂ ಸೇರಿಸಿ ತೆಗೆದುಹಾಕುವುದು. ಇದು ಶಸ್ತ್ರವೈದ್ಯರಲ್ಲಿಯೂ ಕೆಲವರೇ ಬಲ್ಲ ಚಿಕಿತ್ಸೆ. ನಾಟ್ ಅವರು ಅದನ್ನು ಅದುವರೆಗೆ ಒಮ್ಮೆಯೂ ಮಾಡಿದವರಲ್ಲ. ಆಸ್ಪತ್ರೆಯಲ್ಲಿ ಆ ಹುಡುಗನಿಗೆ ಕೊಡಲು ಸಿದ್ಧವಾಗಿದ್ದ ರಕ್ತವಾದರೂ ಒಂದೇ ಒಂದು ಚೀಲ.

ಲಂಡನ್ನಿನ ರಾಯಲ್ ಮಾರ್ಸ್ಡನ್ ಆಸ್ಪತ್ರೆಯಲ್ಲಿ ಮೆರಿಯನ್ ಥಾಮಸ್ ಎಂಬ ಪ್ರಾಧ್ಯಾಪಕರಿದ್ದರು. ಅವರು ಈ ಚಿಕಿತ್ಸೆಯನ್ನು ಬಲ್ಲವರು. ನಾಟ್ ಅವರು ತಮ್ಮ ಮೊಬೈಲಿನಿಂದ ಅವರಿಗೆ ಸಂದೇಶ ಕಳುಹಿಸಿ ಮಾರ್ಗ ಕೇಳಿದರು. ಯಾವ ಕಡೆ ಚರ್ಮವನ್ನು ಸೀಳಬೇಕು, ಯಾವ ಎಲುಬನ್ನು ಮೊದಲು ಕೊಯ್ಯಬೇಕು, ಯಾವ ನಾಳವನ್ನು ಎಲ್ಲಿ ಕಟ್ಟಬೇಕು ಎಂಬುದೆಲ್ಲವನ್ನೂ ಪ್ರಾಧ್ಯಾಪಕರು ಹತ್ತು ಮೆಟ್ಟಿಲುಗಳಾಗಿ ಬರೆದು ಕಳುಹಿಸಿದರು. ಮಗ್ಗಿ ಬಾಯಿಪಾಠ ಮಾಡುವ ಹುಡುಗರಂತೆ ಅದನ್ನು ಮನನಮಾಡಿಕೊಂಡು ನಾಟ್ ಅವರು ಶಸ್ತ್ರಕ್ಕೆ ಕೈಯಿಟ್ಟರು. ಹುಡುಗನು ಬದುಕಿಕೊಂಡನು.

ಇಲ್ಲಿ ಚಿತ್ರವಿಲ್ಲ, ಧ್ವನಿಯಿಲ್ಲ, ದೊಡ್ಡ ಯಂತ್ರವಿಲ್ಲ. ನಮ್ಮಲ್ಲಿ ಮದುವೆಯ ಲಗ್ನ ತಿಳಿಸುವುದಕ್ಕೆ, ರಾಗಿಯ ಧಾರಣೆ ಕೇಳುವುದಕ್ಕೆ ಬಳಸುವ ಸಣ್ಣ ಸಂದೇಶವೇ ಸಾಕಾಯಿತು. ಆದರೆ ವಾಚಕರು ಒಂದು ಅಂಶವನ್ನು ಗಮನಿಸಬೇಕು. ಆ ಹತ್ತು ಮೆಟ್ಟಿಲುಗಳನ್ನು ನನಗೋ ನಿಮಗೋ ಕಳುಹಿಸಿದ್ದರೆ ಹುಡುಗನ ಗತಿಯೇನಾಗುತ್ತಿತ್ತು? ಓದಿದ್ದನ್ನು ಮಾಡಬಲ್ಲ ಕೈ ಅಲ್ಲಿ ಮೊದಲೇ ಇತ್ತು. ಮುಪ್ಪಿನ ಉಪಾಧ್ಯಾಯನಾದ ನನಗೆ ಇದರಲ್ಲಿ ಅಚ್ಚರಿಯೇನೂ ಕಾಣುವುದಿಲ್ಲ. ವ್ಯಾಕರಣ ಬಲ್ಲವನಿಗೆ ಒಂದು ಸೂತ್ರವನ್ನು ನೆನಪಿಸಿದರೆ ಸಾಕು. ಬಾರದವನಿಗೆ ಅಷ್ಟಾಧ್ಯಾಯಿಯನ್ನೇ ತಲೆಯ ಮೇಲಿಟ್ಟರೂ ಪ್ರಯೋಜನವಿಲ್ಲ.

ದೂರವೈದ್ಯವೆಂದು ಕನ್ನಡಿಸಬಹುದಾದ ಈ ಟೆಲಿಮೆಡಿಸಿನ್ನಿನ ವಿಷಯ ಬಂದಾಗಲೆಲ್ಲ ನಮ್ಮವರು ಸಂಜಯನನ್ನು ಎಳೆದುತರುವುದು ವಾಡಿಕೆ. ದಿವ್ಯದೃಷ್ಟಿಯಿಂದ ಅವನು ಕುರುಕ್ಷೇತ್ರವನ್ನು ಕಂಡು ಧೃತರಾಷ್ಟ್ರನಿಗೆ ಹೇಳಲಿಲ್ಲವೆ ಎಂದು ಕೇಳುತ್ತಾರೆ. ಹೇಳಿದನು, ನಿಜ. ಆದರೆ ಸಂಜಯನ ದೃಷ್ಟಿ ಒಮ್ಮುಖವಾದದ್ದು. ಅವನು ಕಂಡದ್ದರಿಂದ ರಣರಂಗದಲ್ಲಿ ಬಿದ್ದಿದ್ದ ಒಬ್ಬನಿಗಾದರೂ ಒಂದು ಬೊಗಸೆ ನೀರು ಸಿಕ್ಕಲಿಲ್ಲ. ದೂರವೈದ್ಯದಲ್ಲಿ ಮಾತು ಎರಡು ಕಡೆಯಿಂದಲೂ ಹರಿಯಬೇಕು. ಗಾಯವನ್ನು ಕಂಡವನು ಕೇಳಬೇಕು, ಕಾಣದವನು ಉತ್ತರ ಹೇಳಬೇಕು, ಅದು ಹೊಂದದಿದ್ದರೆ ಮತ್ತೆ ಕೇಳಬೇಕು. ಆದಕಾರಣ ಸಂಜಯನನ್ನು ಅವನ ಪಾಡಿಗೆ ಬಿಡುವುದು ಒಳ್ಳೆಯದು.

ಈ ಕೇಳುವ ಹೇಳುವ ಕೆಲಸವನ್ನು ಕ್ರಮಬದ್ಧವಾಗಿ ಮೊದಲು ನಡೆಸಿದವರಲ್ಲಿ ಇಂಗ್ಲೆಂಡಿನ ಸ್ವಿನ್‌ಫೆನ್ ದಂಪತಿಗಳು ಸ್ಮರಣೀಯರು. ಪತಿಯೂ ಪತ್ನಿಯೂ ಸೈನ್ಯದಲ್ಲಿದ್ದವರು. ಆಕೆ ಸೈನ್ಯದ ದಾದಿಯಾಗಿದ್ದವರು. ೧೯೯೮ರಲ್ಲಿ ಅವರು ಒಂದು ಧರ್ಮನಿಧಿಯನ್ನು ಸ್ಥಾಪಿಸಿ, ಮರುವರುಷ ಬಾಂಗ್ಲಾದೇಶದ ಢಾಕಾ ನಗರದ ಹತ್ತಿರವಿರುವ ಸಾವರ್ ಎಂಬಲ್ಲಿಯ ಪಾರ್ಶ್ವವಾಯು ರೋಗಿಗಳ ಆಸ್ಪತ್ರೆಗೆ ಒಂದು ಡಿಜಿಟಲ್ ಕ್ಯಾಮೆರಾವನ್ನೂ ಅದನ್ನು ನಿಲ್ಲಿಸುವ ಮುಕ್ಕಾಲಿಯನ್ನೂ ಒದಗಿಸಿದರು. ರೋಗಿಯ ಚಿತ್ರವನ್ನೂ ವಿವರವನ್ನೂ ಈಮೇಲಿನಲ್ಲಿ ಕಳುಹಿಸಿದರೆ, ಬೇರೆ ದೇಶದ ತಜ್ಞನು ತನ್ನ ಬಿಡುವಿನಲ್ಲಿ ನೋಡಿ ಉತ್ತರ ಬರೆಯುವನು, ಹಣ ತೆಗೆದುಕೊಳ್ಳುವುದಿಲ್ಲ. ಮುಂದೆ ಇರಾಕಿನಂಥ ಯುದ್ಧಪೀಡಿತ ದೇಶಗಳ ಆಸ್ಪತ್ರೆಗಳೂ ಈ ಏರ್ಪಾಡಿಗೆ ಸೇರಿದವು. ತಂತಿ ಕಡಿದು ಕಡಿದು ಬರುವ ಕಡೆಗಳಲ್ಲಿ, ಚಲಿಸುವ ಚಿತ್ರಕ್ಕಿಂತ ನಿಂತ ಚಿತ್ರವೂ ನಾಲ್ಕು ಸಾಲಿನ ಬರಹವೂ ಹೆಚ್ಚು ಉಪಕಾರಿ.

ಹೀಗೆ ಕೇಳುವ ಅವಕಾಶವಿಲ್ಲದ ಕಾಲದಲ್ಲಿ ರಣಭೂಮಿಯ ಶಸ್ತ್ರವೈದ್ಯನ ಒಂಟಿತನ ಎಂಥದ್ದಾಗಿದ್ದಿತೆಂಬುದನ್ನು ಊಹಿಸಬಹುದು. ಬಹುಮಂದಿ ಕನ್ನಡಿಗರು ನೆಲಸಿರುವ ಸೊಲ್ಲಾಪುರದಲ್ಲಿ ಹುಟ್ಟಿದ ಡಾಕ್ಟರ್ ದ್ವಾರಕಾನಾಥ ಕೋಟ್ನಿಸ್ ಅವರು ೧೯೩೮ರಲ್ಲಿ ಇತರ ನಾಲ್ವರು ಭಾರತೀಯ ವೈದ್ಯರೊಡನೆ ಚೀನಾಕ್ಕೆ ಹೋಗಿ, ಜಪಾನೀಯರೊಡನೆ ನಡೆದ ಯುದ್ಧದಲ್ಲಿ ಗಾಯಗೊಂಡವರಿಗೆ ಚಿಕಿತ್ಸೆಮಾಡುತ್ತ, ೧೯೪೨ರ ಡಿಸೆಂಬರ್ ೯ರಂದು ಮೂವತ್ತೆರಡನೆಯ ವಯಸ್ಸಿನಲ್ಲಿ ಅಲ್ಲಿಯೇ ತೀರಿಕೊಂಡರು. ಅವರಿಗಿಂತ ಮೊದಲು ಅಲ್ಲಿ ದುಡಿದ ಕೆನಡಾದ ನಾರ್ಮನ್ ಬೆಥೂನ್ ಅವರು ಶಸ್ತ್ರಚಿಕಿತ್ಸೆ ಮಾಡುವಾಗ ಬೆರಳು ಕುಯ್ದುಕೊಂಡು, ನಂಜೇರಿ, ೧೯೩೯ರ ನವೆಂಬರಿನಲ್ಲಿ ಮೃತರಾದರು. ಇಂಥವರಿಗೆ ಸಂದೇಹ ಬಂದರೆ ಕೇಳುವುದು ಯಾರನ್ನು? ಕಾಲನ್ನು ತೆಗೆಯಬೇಕೆ, ಉಳಿಸಬಹುದೆ? ಹೊಟ್ಟೆಯನ್ನು ಈಗಲೇ ಸೀಳಬೇಕೆ, ಬೆಳಗಿನವರೆಗೆ ಕಾಯಬಹುದೆ? ಯುದ್ಧದ ಗಾಯಗಳಲ್ಲಿ ಕತ್ತರಿಸುವುದಕ್ಕಿಂತ ಕತ್ತರಿಸದೆ ಬಿಡುವ ನಿರ್ಧಾರವೇ ಅನೇಕ ವೇಳೆ ಕಷ್ಟವಾದದ್ದು. ದೂರದ ತಜ್ಞನಿಂದ ದೊರೆಯುವ ಮುಖ್ಯವಾದ ಲಾಭವು ಕೈಚಳಕದ ಪಾಠವೆಂದು ನನಗೆ ತೋರುವುದಿಲ್ಲ. ನಿರ್ಧಾರದಲ್ಲಿ ಒಬ್ಬ ಜೊತೆಗಾರನಿದ್ದಾನೆಂಬುದೇ ಹೆಚ್ಚಿನ ಲಾಭ.

ಸಿರಿಯಾ ದೇಶದ ಅಂತರ್ಯುದ್ಧದಲ್ಲಿ ೨೦೧೨ರ ಕೊನೆಯಲ್ಲಿ ಪ್ರಾರಂಭವಾದ ಒಂದು ಏರ್ಪಾಡು ಇದಕ್ಕೆ ಸಾಕ್ಷಿ. ಅಮೆರಿಕದಲ್ಲಿ ನೆಲಸಿದ ಸಿರಿಯಾದ ವೈದ್ಯರ ಸಂಘವು ಅಲ್ಲಿಯ ಆಸ್ಪತ್ರೆಗಳ ತೀವ್ರನಿಗಾ ಕೊಠಡಿಗಳಲ್ಲಿ ಅಗ್ಗದ ಕ್ಯಾಮೆರಾಗಳನ್ನು ನಿಲ್ಲಿಸಿ, ಸ್ಕೈಪ್ ಮೂಲಕ ರೋಗಿಗಳನ್ನು ನೋಡಿ ಸಲಹೆ ಕೊಡತೊಡಗಿತು. ಆಗ ಸಿರಿಯಾದಲ್ಲಿ ನಡುರಾತ್ರಿಯಾದಾಗ ಅಮೆರಿಕದ ಪೂರ್ವತೀರದಲ್ಲಿ ಸಾಯಂಕಾಲ ಐದು ಗಂಟೆಯಾಗಿರುತ್ತಿತ್ತು. ಅಲ್ಲಿ ಮೂರು ದಿನ ಕಣ್ಣು ಮುಚ್ಚದ ಕಿರಿಯ ವೈದ್ಯನಿಗೆ ಇಲ್ಲಿ ಎಚ್ಚರವಾಗಿರುವ ಹಿರಿಯನೊಬ್ಬನು ಸಿಕ್ಕುತ್ತಾನೆ. ಭೂಮಿ ದುಂಡಗಿರುವುದರಿಂದ ಆಗಿರುವ ಉಪಕಾರಗಳಲ್ಲಿ ಇದೂ ಒಂದೆಂದು ಪಾಠಶಾಲೆಯಲ್ಲಿ ಹೇಳಬಹುದಾಗಿದೆ.

ಇನ್ನು ನಮ್ಮ ನಾಡಿನ ಮಾತಿಗೆ ಬರೋಣ. ಬೆಂಗಳೂರಿನಲ್ಲಿ ಮುಖ್ಯಸ್ಥಾನವಿರುವ ಇಸ್ರೋ ಸಂಸ್ಥೆಯು ೨೦೦೧ರಲ್ಲಿ ಉಪಗ್ರಹದ ಮೂಲಕ ವೈದ್ಯಸಲಹೆಯನ್ನು ದೂರದ ಊರುಗಳಿಗೆ ಮುಟ್ಟಿಸುವ ಪ್ರಯೋಗಕ್ಕೆ ಕೈಹಾಕಿತು. ೨೦೦೨ರಲ್ಲಿ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೂ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಗೂ, ಕಾಡಂಚಿನ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗೂ ಇಂಥ ಸಂಪರ್ಕ ಏರ್ಪಟ್ಟಿತು. ಎದೆನೋವೆಂದು ಬಂದ ರೈತನ ಹೃದಯದ ಗೆರೆಚಿತ್ರವನ್ನು ಬೆಂಗಳೂರಿನ ತಜ್ಞರು ಕಣ್ಣಾರೆ ನೋಡಿ, ಅಲ್ಲಿಯ ವೈದ್ಯರಿಗೆ ಆಗಲೇ ಮಾಡಬೇಕಾದುದನ್ನು ಹೇಳುವಂತಾಯಿತು. ೨೦೧೯ರ ನವೆಂಬರಿನಲ್ಲಿ ಕೇಂದ್ರಸರ್ಕಾರವು ಆರಂಭಿಸಿದ ಈ-ಸಂಜೀವಿನಿ ಎಂಬ ಏರ್ಪಾಡನ್ನು ನಮ್ಮ ವಾಚಕರಲ್ಲಿ ಅನೇಕರು ತಾವೇ ಕಂಡಿರಬಹುದು, ಅದನ್ನು ವಿವರಿಸಬೇಕಾದುದಿಲ್ಲ.

ಕಾಡಂಚಿನ ಊರಿಗೆ ಒದಗಿದ್ದು ಹಿಮದಂಚಿಗೂ ಒದಗಬೇಕಷ್ಟೆ. ೨೦೧೮ರಲ್ಲಿ ನಮ್ಮ ಭೂಸೇನೆ, ನೌಕಾಸೇನೆ, ವಾಯುಸೇನೆಗಳ ಸಂಯುಕ್ತ ಕಾರ್ಯಾಲಯವು ಇಸ್ರೋ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡು, ಸಿಯಾಚಿನ್ ಹಿಮನದಿಯೂ ಸೇರಿದಂತೆ ದುರ್ಗಮವಾದ ೫೩ ಠಾಣೆಗಳಲ್ಲಿ ಉಪಗ್ರಹದ ದೂರವೈದ್ಯ ಕೇಂದ್ರಗಳನ್ನು ಸ್ಥಾಪಿಸಲು ನಿಶ್ಚಯಿಸಿತು. ಸಿಯಾಚಿನ್ನಿನಲ್ಲಿ ನಮ್ಮ ಸೈನ್ಯವು ೧೯೮೪ರ ಏಪ್ರಿಲ್ ೧೩ರಂದು ಕೈಗೊಂಡ ಕಾರ್ಯಾಚರಣೆಗೆ ಮೇಘದೂತವೆಂದು ಹೆಸರಿಟ್ಟರು. ಹೆಸರಿಟ್ಟವರು ಕಾಳಿದಾಸನನ್ನು ಓದಿದವರೇ ಇರಬೇಕು. ಆದರೆ ಅಲ್ಲಿ ಮೇಘವು ದೂತನಲ್ಲ, ಅಡ್ಡಗಟ್ಟುವ ಶತ್ರು. ಮೋಡ ಕವಿದು ಹಿಮದ ಗಾಳಿ ಎದ್ದರೆ ಹೆಲಿಕಾಪ್ಟರು ಏರಲಾರದು. ಗಾಯಾಳುವನ್ನು ಕೆಳಕ್ಕೆ ಇಳಿಸುವಂತಿಲ್ಲ, ತಜ್ಞನನ್ನು ಮೇಲಕ್ಕೆ ಏರಿಸುವಂತಿಲ್ಲ. ಇಂಥ ಗಳಿಗೆಯಲ್ಲಿ ಠಾಣೆಯ ತರುಣ ವೈದ್ಯನಿಗೂ ದೊಡ್ಡ ಆಸ್ಪತ್ರೆಯ ತಜ್ಞನಿಗೂ ನಡುವೆ ಉಳಿಯುವುದು ಮಾತಿನ ಎಳೆಯೊಂದೇ.

ಅಲ್ಲಿಯ ಶತ್ರುವಾದರೂ ಗುಂಡಿಗಿಂತ ಹೆಚ್ಚಾಗಿ ಚಳಿಯೇ. ಹತ್ತೊಂಬತ್ತು ಸಾವಿರ ಅಡಿಗಳೆತ್ತರದಲ್ಲಿ ಉಸಿರಿಗೆ ಸಿಕ್ಕುವ ಆಮ್ಲಜನಕವು ಸಮುದ್ರಮಟ್ಟದಲ್ಲಿ ಸಿಕ್ಕುವುದರ ಅರ್ಧದಷ್ಟೂ ಇಲ್ಲ. ಬೆರಳುಗಳು ಮರಗಟ್ಟಿ ಕಪ್ಪಾಗುತ್ತವೆ. ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುತ್ತದೆ. ೨೦೧೬ರ ಫೆಬ್ರವರಿ ೩ರಂದು, ೧೯,೬೦೦ ಅಡಿಗಳೆತ್ತರದ ಸೋನಮ್ ಠಾಣೆಯ ಮೇಲೆ ಹಿಮದ ಗೋಡೆ ಕುಸಿದು, ಮದರಾಸು ರೆಜಿಮೆಂಟಿನ ಹತ್ತು ಮಂದಿ ಹುದುಗಿಹೋದರು. ಅವರಲ್ಲಿ ಕನ್ನಡ ನಾಡಿನವರೂ ಇದ್ದರು. ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ಅವರು ಆರು ದಿನಗಳಾದ ಮೇಲೆ ಹಿಮದಡಿಯಲ್ಲಿ ಜೀವಸಹಿತ ಸಿಕ್ಕಿ, ದೆಹಲಿಯ ಸೈನಿಕ ಆಸ್ಪತ್ರೆಗೆ ತಲಪಿ, ಫೆಬ್ರವರಿ ೧೧ರಂದು ಅಲ್ಲಿಯೇ ಅಸುನೀಗಿದುದನ್ನು ನಾಡೆಲ್ಲ ಕಣ್ಣೀರಿಟ್ಟು ಕೇಳಿತು. ಆ ದಿನಗಳಲ್ಲಿ ನಮ್ಮ ಬೀದಿಯ ಒಬ್ಬ ತಾಯಿ, ಆಕೆಯ ಮಗ ನನ್ನ ಶಿಷ್ಯ, ಉತ್ತರದ ಗಡಿಯಲ್ಲಿ ಸಿಪಾಯಿ, ನನ್ನನ್ನು ತಡೆದು, “ಮೇಷ್ಟ್ರೇ, ಅಷ್ಟು ಮೇಲೆ ಡಾಕ್ಟ್ರು ಇರ್ತಾರಾ?” ಎಂದು ಕೇಳಿದಳು. ಇರುತ್ತಾರಮ್ಮಾ ಎಂದೆನು. ಎಲ್ಲ ಬಲ್ಲ ಡಾಕ್ಟರು ಎಲ್ಲ ಠಾಣೆಯಲ್ಲಿಯೂ ಇರುವುದಿಲ್ಲವೆಂಬುದನ್ನು ಆಕೆಗೆ ಹೇಳಬೇಕೆನಿಸಲಿಲ್ಲ.

ಇಲ್ಲಿ ಯಂತ್ರದ ಮರ್ಮವನ್ನು ಸ್ವಲ್ಪ ಹೇಳಿಬಿಡುತ್ತೇನೆ. ನಮ್ಮ ತಲೆಯ ಮೇಲೆ ಒಂದೇ ಕಡೆ ನಿಂತಂತೆ ತೋರುವ ಉಪಗ್ರಹವು ಸುಮಾರು ೩೬,೦೦೦ ಕಿಲೋಮೀಟರುಗಳೆತ್ತರದಲ್ಲಿರುತ್ತದೆ. ಮಾತು ಅಲ್ಲಿಗೆ ಹೋಗಿ ಕೆಳಕ್ಕೆ ಬರುವುದಕ್ಕೆ ಕಾಲು ಸೆಕೆಂಡು. ಉತ್ತರ ಬರುವುದಕ್ಕೆ ಇನ್ನು ಕಾಲು ಸೆಕೆಂಡು. ಸಂಭಾಷಣೆಗೆ ಇದರಿಂದ ಬಾಧಕವಿಲ್ಲ. ದೂರದಲ್ಲಿ ಕುಳಿತು ಯಂತ್ರದ ಕೈಯಿಂದ ಶಸ್ತ್ರವನ್ನೇ ಆಡಿಸುವುದಾದರೆ ಮಾತ್ರ ಆ ಅರ್ಧ ಸೆಕೆಂಡಿನಲ್ಲಿ ನಾಳವೊಂದು ತುಂಡಾಗಿಹೋಗಬಹುದು. ೨೦೦೧ರ ಸೆಪ್ಟೆಂಬರ್ ೭ರಂದು ನ್ಯೂಯಾರ್ಕಿನಲ್ಲಿ ಕುಳಿತ ಜಾಕ್ ಮಾರೆಸ್ಕೊ ಎಂಬ ಫ್ರೆಂಚ್ ಶಸ್ತ್ರವೈದ್ಯರು, ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಮಲಗಿದ್ದ ವೃದ್ಧೆಯ ಪಿತ್ತಕೋಶವನ್ನು ಯಂತ್ರದ ಕೈಯಿಂದ ತೆಗೆದದ್ದು ಲೋಕಪ್ರಸಿದ್ಧವಾಯಿತು. ಅವರು ಅದಕ್ಕೆ ಉಪಗ್ರಹವನ್ನು ನೆಚ್ಚದೆ ಕಡಲಡಿಯ ಗಾಜಿನೆಳೆಯ ತಂತಿಯನ್ನು ಬಳಸಿದರು. ಇಂಥ ಯಂತ್ರಗಳನ್ನು ರೂಪಿಸಲು ಅಮೆರಿಕದ ಸೈನ್ಯವು ಮೊದಲಿಗೆ ಹಣ ಸುರಿದದ್ದು ರಣರಂಗದ ಗಾಯಾಳುಗಳಿಗಾಗಿಯೇ. ಆದರೆ ಯುದ್ಧಕ್ಕೆಂದು ಬಸಿರಾದ ಯಂತ್ರವು ಹುಟ್ಟಿದ ಮೇಲೆ ದೊಡ್ಡ ನಗರಗಳ ದೊಡ್ಡ ಆಸ್ಪತ್ರೆಗಳನ್ನು ಸೇರಿತು. ದೀಪವೇ ಆರಿಹೋಗುವ, ರಕ್ತದ ಒಂದು ಚೀಲಕ್ಕೆ ಪರದಾಡುವ ಕಡೆಯಲ್ಲಿ ಅದು ಏನು ಮಾಡೀತು? ಪತ್ರಿಕೆಗಳು ಈ ಯಂತ್ರವನ್ನು ಕೊಂಡಾಡುವಷ್ಟು ರುತ್ಶೂರಿನ ಹತ್ತು ಮೆಟ್ಟಿಲುಗಳನ್ನು ಕೊಂಡಾಡದೆ ಇರುವುದು ನನಗೆ ಸೋಜಿಗ.

ಬಾವುಟದ ಮಾತನ್ನು ಮರೆತಿಲ್ಲ. ಸಿರಿಯಾದ ಅಲೆಪ್ಪೋ ನಗರದಲ್ಲಿ ಡೇವಿಡ್ ನಾಟ್ ಅವರು ೨೦೧೩ರಲ್ಲಿಯೂ ೨೦೧೪ರಲ್ಲಿಯೂ ಸ್ವತಃ ಇದ್ದು, ಅಲ್ಲಿಯ ತರುಣ ಶಸ್ತ್ರವೈದ್ಯರಿಗೆ ಕೈಹಿಡಿದು ಕಲಿಸಿದ್ದರು. ೨೦೧೬ರಲ್ಲಿ ನಗರವು ಮುತ್ತಿಗೆಗೆ ಸಿಕ್ಕಿದಾಗ ಅವರು ಹೋಗುವಂತಿರಲಿಲ್ಲ. ದವಡೆ ಛಿದ್ರವಾಗಿದ್ದ ಒಬ್ಬನ ಚಿಕಿತ್ಸೆಯ ಕಾಲದಲ್ಲಿ ಅಲ್ಲಿಯವರು ತಾವೇ ತಮ್ಮ ಚಿತ್ರ ತೆಗೆದುಕೊಳ್ಳುವ ಕೋಲಿನ ತುದಿಗೆ ಮೊಬೈಲನ್ನು ಸಿಕ್ಕಿಸಿ ಗಾಯದ ಮೇಲೆ ಹಿಡಿದರು. ನಾಟ್ ಅವರು ಲಂಡನ್ನಿನಲ್ಲಿ ಕುಳಿತು ಹೆಜ್ಜೆಹೆಜ್ಜೆಗೂ ಮಾರ್ಗ ತೋರಿಸಿದರು. ಚಿಕಿತ್ಸೆ ಸಫಲವಾಯಿತು. ಬಿ.ಬಿ.ಸಿ. ಸಂಸ್ಥೆಯು ಅದನ್ನು ಪ್ರಸಾರಮಾಡಿತು. ಆ ಆಸ್ಪತ್ರೆಗೆ ಎಂ ೧೦ ಎಂಬುದು ಗುಟ್ಟಿನ ಹೆಸರು. ನಿಜವಾದ ಹೆಸರಿಟ್ಟರೆ ಬಾಂಬು ಬೀಳುವುದೆಂದು ಅಲ್ಲಿಯವರು ಆಸ್ಪತ್ರೆಗಳಿಗೆ ಅಂಕಿಗಳನ್ನು ಕೊಟ್ಟಿದ್ದರು. ಕೆಲವೇ ವಾರಗಳಲ್ಲಿ ಅದರ ಮೇಲೆ ಮತ್ತೆ ಮತ್ತೆ ಬಾಂಬು ಬಿದ್ದು ಆಸ್ಪತ್ರೆ ಹಾಳಾಯಿತು. ತನ್ನ ಗಣಕಯಂತ್ರದೊಳಕ್ಕೆ ಯಾರೋ ಕಳ್ಳತನದಿಂದ ಹೊಕ್ಕು ಆಸ್ಪತ್ರೆಯ ನೆಲೆಯನ್ನು ಪತ್ತೆಮಾಡಿದರೋ ಏನೋ ಎಂದು ನಾಟ್ ಅವರು ೨೦೧೮ರಲ್ಲಿ ಬಹಿರಂಗವಾಗಿ ಸಂಶಯಪಟ್ಟರು. ಆ ಸಂಶಯವು ಸಿದ್ಧಪಟ್ಟ ಸಂಗತಿಯಲ್ಲ. ಆ ಆಸ್ಪತ್ರೆಯ ನೆಲೆ ಹಗೆಗಳಿ‌ಗೆ ಮೊದಲೇ ತಿಳಿದಿರಲೂಬಹುದು. ಆದರೆ ಸಂಶಯಕ್ಕೆ ಎಡೆಯಾಯಿತೆಂಬುದೇ ಸಾಕು. ಯಾವ ಎಳೆಯ ಮೂಲಕ ವಿದ್ಯೆ ಒಳಕ್ಕೆ ಬರುವುದೋ ಅದೇ ಎಳೆಯ ಮೂಲಕ ಆಸ್ಪತ್ರೆಯ ಗುರುತು ಹೊರಕ್ಕೆ ಹೋಗಬಹುದು.

ಸುಶ್ರುತನ ಕಾಲದಲ್ಲಿ ವೈದ್ಯನ ಬಾವುಟವನ್ನು ನೋಡಿ ಗಾಯಾಳುಗಳು ಓಡಿಬಂದರು. ೧೮೬೪ರ ಜಿನೀವಾ ಒಪ್ಪಂದದ ಕಾಲದಿಂದ ಕೆಂಪು ಶಿಲುಬೆಯ ಬಾವುಟವನ್ನು ಆಸ್ಪತ್ರೆಯ ಮೇಲೆ ಹಾರಿಸಿದುದಾದರೂ ಶತ್ರುವಿನ ಕಣ್ಣಿಗೆ ಬೀಳಲೆಂದೇ: ಇಲ್ಲಿ ಹೊಡೆಯಬೇಡ ಎಂದು ಹೇಳುವುದಕ್ಕೆ. ಈಗ ಹೊಡೆಯಬೇಡವೆಂಬ ಗುರುತೇ ಗುರಿಯಾಗಿದೆ. ೨೦೧೬ರ ಮೇ ೩ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಲಿಯು ೨೨೮೬ನೆಯ ನಿರ್ಣಯದಿಂದ ಆಸ್ಪತ್ರೆಗಳ ಮೇಲಿನ ದಾಳಿಯನ್ನು ಖಂಡಿಸಿತು. ಅಲೆಪ್ಪೋವಿನ ಆಸ್ಪತ್ರೆ ಹಾಳಾದದ್ದು ಆ ನಿರ್ಣಯವಾದ ಐದು ತಿಂಗಳಿಗೆ. ಯುಕ್ರೇನಿನ ಯುದ್ಧದಲ್ಲಿ ಮೊದಲ ಹದಿನೈದು ತಿಂಗಳಲ್ಲಿ, ಎಂದರೆ ೨೦೨೩ರ ಮೇ ಕೊನೆಯ ವೇಳೆಗೆ, ವೈದ್ಯಸೇವೆಯ ಮೇಲೆ ಆದ ದಾಳಿಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯವರು ವಿಚಾರಿಸಿ ಖಚಿತಪಡಿಸಿಕೊಂಡವೇ ೧,೦೦೪. ಆದಕಾರಣ ಈಗ ಯುದ್ಧಭೂಮಿಯ ದೂರವೈದ್ಯಕ್ಕೆ ಇಳಿಯುವವರು ಮೊದಲು ಕಲಿಯಬೇಕಾದ ಪಾಠ ಮರೆಮಾಚುವುದು: ಚಿತ್ರದಲ್ಲಿ ಕಿಟಕಿ ಕಾಣಬಾರದು, ಊರಿನ ಹೆಸರು ಬರಬಾರದು, ಆಸ್ಪತ್ರೆಯ ನೆಲೆಯನ್ನು ತಿಳಿಸುವ ಗುರುತು ಚಿತ್ರದೊಡನೆ ಹೋಗಬಾರದು. ವೈದ್ಯನು ಕಳ್ಳನಂತೆ ಅಡಗಿ ಉಪಕಾರ ಮಾಡಬೇಕಾದ ಕಾಲ.

ಯುಕ್ರೇನ್ ಎಂದರೆ ನಮಗೆ ದೂರದ ಹೆಸರಲ್ಲ. ವೈದ್ಯವಿದ್ಯೆಯನ್ನು ಕಲಿಯುವುದಕ್ಕೆ ಅಲ್ಲಿಯ ಖಾರ್ಕಿವ್ ನಗರಕ್ಕೆ ಹೋಗಿದ್ದ ಹಾವೇರಿ ಜಿಲ್ಲೆಯ ಚಳಗೇರಿಯ ಯುವಕನೊಬ್ಬನು, ೨೦೨೨ರ ಮಾರ್ಚ್ ೧ರಂದು, ಆಹಾರ ಸಾಮಗ್ರಿಗಾಗಿ ಹೊರಗೆ ಹೋಗಿದ್ದಾಗ ದಾಳಿಗೆ ಸಿಕ್ಕಿ ಸತ್ತನು. ಶರೀರ ಊರಿಗೆ ಬಂದ ಮೇಲೆ ತಂದೆತಾಯಿಗಳು ಅದನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನವಾಗಿ ಕೊಟ್ಟುಬಿಟ್ಟರು. ಶಲ್ಯತಂತ್ರವನ್ನು ಕಲಿಯುವವನು ಮೊದಲು ಮೃತಶರೀರವನ್ನು ಶೋಧಿಸಿ ಅಂಗಾಂಗಗಳನ್ನು ಕಣ್ಣಾರೆ ತಿಳಿಯಬೇಕೆಂದು ಸುಶ್ರುತನು ಶಾರೀರಸ್ಥಾನದಲ್ಲಿ ಹೇಳಿದ್ದಾನೆ. ಆ ತಂದೆತಾಯಿಗಳು ಅದನ್ನು ಓದಿದ್ದರೋ ಇಲ್ಲವೋ. ಅವರು ಮಾಡಿದುದು ಅದೇ.

೨೦೨೪ರ ಆಗಸ್ಟ್ ೨೩ರಂದು ನಮ್ಮ ಪ್ರಧಾನಮಂತ್ರಿಗಳು ಯುಕ್ರೇನಿನ ರಾಜಧಾನಿಯಲ್ಲಿ ಅಲ್ಲಿಯ ಸರ್ಕಾರಕ್ಕೆ ನಾಲ್ಕು ‘ಭೀಷ್ಮ’ ಪೆಟ್ಟಿಗೆಗಳನ್ನು ಒಪ್ಪಿಸಿದರು. ಹೊತ್ತು ಸಾಗಿಸಬಹುದಾದ ಸಣ್ಣ ಸಣ್ಣ ಪೆಟ್ಟಿಗೆಗಳನ್ನು ಜೋಡಿಸಿ ಮಾಡಿದ ಆಸ್ಪತ್ರೆಯಿದು. ಒಂದೊಂದರಲ್ಲಿಯೂ ಸುಮಾರು ಇನ್ನೂರು ಮಂದಿ ಗಾಯಾಳುಗಳಿಗೆ ಸಾಕಾಗುವ ಔಷಧೋಪಕರಣಗಳಿರುತ್ತವೆ. ಯಾವುದು ಎಲ್ಲಿದೆಯೆಂಬುದನ್ನು ಕೈಯಲ್ಲಿ ಹಿಡಿಯುವ ಗಣಕಫಲಕವೇ ತೋರಿಸುತ್ತದೆ. ಪೆಟ್ಟಿಗೆಗೆ ಈ ಹೆಸರನ್ನಿಟ್ಟದ್ದನ್ನು ಕಂಡು ನನಗೆ ಕಿರುನಗೆ ಬಂತು. ಶರಶಯ್ಯೆಯಲ್ಲಿ ಮಲಗಿದ್ದ ಭೀಷ್ಮನ ಬಳಿಗೆ ಶಲ್ಯಗಳನ್ನು ಕೀಳುವುದರಲ್ಲಿ ನಿಪುಣರಾದ ವೈದ್ಯರು ಸಕಲ ಸಾಮಗ್ರಿಗಳೊಡನೆ ಬಂದಾಗ, ಅವರಿಗೆ ಹಣ ಕೊಟ್ಟು ಗೌರವಿಸಿ ಕಳುಹಿಸಿಬಿಡು ಎಂದು ಅವನು ದುರ್ಯೋಧನನಿಗೆ ಹೇಳಿದನೆಂದು ಭಾರತದಲ್ಲಿದೆ. ವೈದ್ಯರನ್ನು ಹಿಂದಕ್ಕೆ ಕಳುಹಿಸಿದವನ ಹೆಸರು ವೈದ್ಯರ ಪೆಟ್ಟಿಗೆಗೆ! ಇರಲಿ, ಪೆಟ್ಟಿಗೆ ಒಳ್ಳೆಯದು. ದೂರದ ಸಲಹೆ ಎಷ್ಟು ಬಂದರೂ, ಸಮೀಪದಲ್ಲಿ ನೂಲೂ ಸೂಜಿಯೂ ಅರಿವಳಿಕೆಯ ಮದ್ದೂ ಇಲ್ಲದಿದ್ದರೆ ಏನು ಮಾಡುವುದು?

ಕೊನೆಗೆ ಹೊಣೆಯ ಪ್ರಶ್ನೆ. ದೂರದಿಂದ ಹೇಳಿದವನ ಮಾತಿನಂತೆ ಕೊಯ್ದು ಗಾಯಾಳು ಸತ್ತರೆ ಉತ್ತರ ಹೇಳಬೇಕಾದವನು ಯಾರು? ಗಾಯವನ್ನು ಮುಟ್ಟಿ ನೋಡಿದವನು, ರಕ್ತದ ವಾಸನೆಯನ್ನು ಮೂಗಿನಿಂದ ತಿಳಿದವನು, ಬೇಡವೆನ್ನುವ ಅಧಿಕಾರವಿದ್ದವನು ಸಮೀಪದ ವೈದ್ಯನೇ ಆದುದರಿಂದ ಕೊನೆಯ ಮಾತು ಅವನದಾಗಿರತಕ್ಕದ್ದೆಂದು ನನ್ನ ಅಭಿಪ್ರಾಯ. ಹಾಗೆಂದು ಮೇಲಧಿಕಾರಿಯು ಉಪಗ್ರಹದ ಆ ತುದಿಯಲ್ಲಿ ಕುಳಿತು ಆಜ್ಞೆ ಮಾಡುತ್ತಿರುವಾಗ ಇಪ್ಪತ್ತಾರು ವರುಷದ ಕ್ಯಾಪ್ಟನ್ ವೈದ್ಯನು ಬೇಡವೆನ್ನುವುದು ಎಷ್ಟು ಸುಲಭ? ನಮ್ಮ ದೇಶದಲ್ಲಿ ದೂರವೈದ್ಯಕ್ಕೆ ಸಂಬಂಧಪಟ್ಟ ನಿಯಮಾವಳಿಯು ೨೦೨೦ರ ಮಾರ್ಚ್ ೨೫ರಂದು ಪ್ರಕಟವಾಯಿತು. ಯಾವ ಔಷಧವನ್ನು ದೂರದಿಂದ ಬರೆದುಕೊಡಬಹುದು, ಯಾವುದನ್ನು ಕೂಡದು ಎಂಬುದೆಲ್ಲ ಅದರಲ್ಲಿ ವಿವರವಾಗಿದೆ. ದೂರದಿಂದ ಶಸ್ತ್ರವನ್ನು ನಡೆಸುವ ವಿಷಯವನ್ನೂ, ಭಾರತದ ಎಲ್ಲೆಯಾಚೆಗಿನ ಸಲಹೆಗಳನ್ನೂ ಮಾತ್ರ ಅದು ತನ್ನ ವ್ಯಾಪ್ತಿಗೆ ಸೇರಿಸಿಕೊಳ್ಳದೆ ಹೊರಗಿಟ್ಟಿದೆ.